ಬೆನ್ನಿನ ಉರಿಗೆ ಫಿಟ್ಸ್ ಮಾತ್ರೆ: ನನ್ನ ಅನುಭವ

ಕಳೆದ ವರ್ಷ ಯುಗಾದಿ ಮುಗಿದ ವಾರ ನನಗೆ ಸರ್ಪಸುತ್ತು ಎದ್ದಿತು. ಬೆನ್ನುಮೂಳೆಯ ಪಕ್ಕದಿಂದ ಬಲ ಎದೆಯವರೆಗೆ ಪಟ್ಟಿಯ ಹಾಗೆ ಗುಳ್ಳೆಗಳು. ಕೆಮ್ಮಣ್ಣು ಹಚ್ಚುತ್ತಾ ಆರು ದಿನ ಕಳೆದುಬಿಟ್ಟೆ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರು ಮಾಡಿದರೆ ಒಳ್ಳೆಯದು ಅಂತ ಗೊತ್ತಾಗಿದ್ದು ಆಮೇಲೆ.

ಗುಳ್ಳೆ ಒಣಗಿತು, ನೋವು ಹೋಗಲಿಲ್ಲ. ನಾಲ್ಕು ತಿಂಗಳಾದರೂ ಸೆರಗು ತಾಗಿದರೆ ಬೆಂಕಿ ಸೋಕಿದ ಹಾಗೆ. ಫ್ಯಾನ್ ಗಾಳಿಯೂ ಆಗುತ್ತಿರಲಿಲ್ಲ. ಕೂತಿದ್ದ ಹಾಗೇ ಕರೆಂಟ್ ಹೊಡೆದಂತೆ ಚುಳುಕ್ ಅನ್ನುತ್ತಿತ್ತು. ಪ್ಯಾರಸಿಟಮಾಲ್, ಬ್ರೂಫೆನ್ ಯಾವುದಕ್ಕೂ ಜಗ್ಗಲಿಲ್ಲ.

ನರರೋಗದ ಡಾಕ್ಟರು ಗ್ಯಾಬಾಪೆಂಟಿನ್ ಬರೆದರು. ಮೆಡಿಕಲ್ ಸ್ಟೋರಿನ ಹುಡುಗ "ಇದು ಫಿಟ್ಸ್ ಮಾತ್ರೆ ಆಂಟಿ, ಯಾರಿಗೆ?" ಅಂದ. ಮನೆಯಲ್ಲಿ ಅತ್ತೆ, "ಮಗಳ ಮದುವೆ ಬೇರೆ ಆಗಬೇಕು, ಯಾರ ಹತ್ತಿರವೂ ಹೇಳಬೇಡಮ್ಮ" ಅಂದರು. ಎರಡು ದಿನ ಮಾತ್ರೆ ಮುಟ್ಟಲಿಲ್ಲ. ಮತ್ತೆ ಹೋಗಿ ಕೇಳಿದೆ. ಡಾಕ್ಟರು ಬೇಸರ ಮಾಡದೆ ವಿವರಿಸಿದರು. ಚಿಕ್ಕಂದಿನಲ್ಲಿ 'ಅಮ್ಮ' (ಚಿಕನ್‌ಪಾಕ್ಸ್) ಎದ್ದಿರುತ್ತದಲ್ಲ, ಆ ವೈರಸ್ಸೇ ಬೆನ್ನುಮೂಳೆ ಹತ್ತಿರದ ನರದ ಬುಡದಲ್ಲಿ ಅಡಗಿದ್ದು, ವಯಸ್ಸಾದ ಮೇಲೆ ಎದ್ದು ನರವನ್ನೇ ಕೆಡಿಸುತ್ತದೆ. ಕೆಟ್ಟ ನರ ಏನೂ ಆಗದಿದ್ದರೂ ನೋವು ನೋವು ಅಂತ ಸುದ್ದಿ ಕಳಿಸುತ್ತಲೇ ಇರುತ್ತದೆ. ಈ ಮಾತ್ರೆ ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಗೆ ಹೋಗುವ ದಾರಿಗೆ ಅಂಟಿಕೊಂಡು ಆ ಗಲಾಟೆ ತಗ್ಗಿಸುತ್ತದೆ. ಅಮೆರಿಕದಲ್ಲಿ 1993ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ಫಿಟ್ಸ್‌ಗೆ. 2002ರಲ್ಲಿ ಸರ್ಪಸುತ್ತಿನ ನಂತರದ ನೋವಿಗೂ ಸಿಕ್ಕಿತು. ಇಷ್ಟು ಕೇಳಿದ ಮೇಲೆ ಅತ್ತೆಗೂ ಧೈರ್ಯ ಬಂತು.

ಮೊದಲು ಕಿಡ್ನಿ ಹೇಗಿದೆ ಅಂತ ನೋಡುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಆಯಿತು, ಯಾಕೆಂದರೆ ಈ ಔಷಧ ಮೈಯಿಂದ ಹೊರಗೆ ಹೋಗುವುದು ಕಿಡ್ನಿ ಮೂಲಕ. ರಾತ್ರಿ 100 ಮಿಲಿಗ್ರಾಂನಿಂದ ಶುರು. ನಿಧಾನಕ್ಕೆ ಏರಿಸಿ ಐದನೇ ವಾರಕ್ಕೆ ದಿನಕ್ಕೆ ಮೂರು ಸಲ 300. ಮೊದಲ ಹತ್ತು ದಿನ ತಲೆ ತೂಗಿದ ಹಾಗೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದೆ. ಸ್ಕೂಟರ್ ಒಂದು ತಿಂಗಳು ಮುಟ್ಟಲಿಲ್ಲ. ಪಾದ ಸ್ವಲ್ಪ ಊದಿತು, ತೂಕ ಮೂರು ಕೆಜಿ ಜಾಸ್ತಿಯಾಯಿತು. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ದಿನಾ ರಾತ್ರಿ ನೋವು ಹತ್ತಕ್ಕೆ ಎಷ್ಟು ಅಂತ ಬರೆದಿಟ್ಟೆ. ಎಂಟು ಇದ್ದದ್ದು ಆರನೇ ವಾರಕ್ಕೆ ನಾಲ್ಕಾಯಿತು. ಸೊನ್ನೆ ಯಾವತ್ತೂ ಆಗಲಿಲ್ಲ. ಆದರೆ ನಿದ್ದೆ ಬಂತು. ತಿಂಗಳುಗಟ್ಟಲೆ ನಿದ್ದೆಗೆಟ್ಟವರಿಗೆ ಅದರ ಬೆಲೆ ಗೊತ್ತು, ಅಲ್ವಾ?

ಇನ್ನೊಂದು ವಿಷಯ. ನಾನು ಊಟ ಆದ ಮೇಲೆ ಅಸಿಡಿಟಿ ಸಿರಪ್ ಕುಡಿದು, ಅದರ ಹಿಂದೆಯೇ ಈ ಮಾತ್ರೆ ನುಂಗುತ್ತಿದ್ದೆ. ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಸಿರಪ್ ಆದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎರಡು ಗಂಟೆ ಬಿಟ್ಟು ತೆಗೆದುಕೊಳ್ಳಬೇಕು.

ದೊಡ್ಡ ತಪ್ಪು ಮಾಡಿದ್ದು ತವರಿನ ಮದುವೆಗೆ ಹೋದಾಗ. ಮಾತ್ರೆ ಮನೆಯಲ್ಲೇ ಮರೆತೆ. ಎರಡನೇ ರಾತ್ರಿಗೆ ಬೆವರು, ಎದೆ ಡವಡವ, ಉರಿ ಮತ್ತೆ ಮೊದಲಿನಷ್ಟೇ. ಒಂದೇ ಸಲ ನಿಲ್ಲಿಸಬಾರದು ಅಂತ ಚೀಟಿ ಕೊಡುವಾಗಲೇ ಡಾಕ್ಟರು ಹೇಳಿದ್ದರು. ಈಗ ಅವರೇ ಸ್ವಲ್ಪ ಸ್ವಲ್ಪ ಇಳಿಸುತ್ತಿದ್ದಾರೆ, ರಾತ್ರಿಯದೊಂದು ಉಳಿದಿದೆ.

ಮೊನ್ನೆ ಪಕ್ಕದ ಮನೆಯವರು "ಅಕ್ಕಾ, ನನಗೂ ಬೆನ್ನು ನೋವು, ಎರಡು ಮಾತ್ರೆ ಕೊಡಿ" ಅಂದರು. ಕೊಡಲಿಲ್ಲ. ಅವರದು ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ. ಇದೇ ಗುಂಪಿನ ಪ್ರಿಗಾಬಲಿನ್ ಅನ್ನು ಆಸ್ಟ್ರೇಲಿಯಾದಲ್ಲಿ ಸಯಾಟಿಕಾ ಇದ್ದ 209 ಜನರ ಮೇಲೆ ಪರೀಕ್ಷಿಸಿದ್ದರು. 2017ರಲ್ಲಿ ಬಂದ ಫಲಿತಾಂಶದಲ್ಲಿ, ಔಷಧವೇ ಇಲ್ಲದ ಖಾಲಿ ಮಾತ್ರೆಗಿಂತ ಅದು ಹೆಚ್ಚೇನೂ ನೋವು ಕಡಿಮೆ ಮಾಡಿರಲಿಲ್ಲ, ತಲೆಸುತ್ತು ಮಾತ್ರ ಜಾಸ್ತಿ. ಅದನ್ನೇ ಅವರಿಗೆ ಹೇಳಿ, ಸೋಮವಾರ ನಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.