ಕಣ್ಣು ತಪ್ಪುವ ಜಾಗಗಳು: ಮಕ್ಕಳಿಂದ ಶಾಲೆಯ ನಕ್ಷೆ ಮಾಡಿಸಿದ ಬಗೆ

ಕುಮಟಾ ಕಡೆಯ ಪ್ರೌಢಶಾಲೆಯೊಂದರಲ್ಲಿ ಎಂಟು, ಒಂಬತ್ತನೇ ತರಗತಿಯವರಿಂದ ನಾವು ಮಾಡಿಸುವ ಕೆಲಸ ಇದು. ಶಾಲೆಯ ಆವಾರದಲ್ಲಿ ಹೊಡೆದಾಟ, ಕಳವು, ಕೀಟಲೆ, ಗೋಡೆ ಗೀಚುವುದು ಎಲ್ಲಿ, ಯಾವ ಹೊತ್ತಿಗೆ ಆಗುತ್ತದೆ ಎಂದು ಮಕ್ಕಳೇ ಹುಡುಕಬೇಕು. ಯಾರು ಮಾಡಿದರು ಎಂದು ಮಾತ್ರ ಕೇಳುವುದಿಲ್ಲ. ಒಂದೇ ಒಂದು ಹೆಸರು ಬಂದರೂ ನಕ್ಷೆ ಹೋಗಿ ಚಾಡಿಯ ಪಟ್ಟಿಯಾಗುತ್ತದೆ, ಮರುದಿನದಿಂದ ಯಾರೂ ನಿಜ ಬರೆಯುವುದಿಲ್ಲ.

ಮೊದಲು ನಕ್ಷೆ. ಐದೈದು ಮಕ್ಕಳ ತಂಡ. 30 ಮೀಟರ್ ಟೇಪಿನ ಪಕ್ಕ ಒಬ್ಬನನ್ನು ನಡೆಸಿ, ಅವನ ಹೆಜ್ಜೆ ಎಷ್ಟು ಉದ್ದ ಎಂದು ಲೆಕ್ಕ ಹಾಕಿಸಿ. ಆಮೇಲೆ ಇಡೀ ಆವಾರವನ್ನು ಹೆಜ್ಜೆಯಲ್ಲೇ ಅಳೆಯಬಹುದು. 1 ಸೆಂಟಿಮೀಟರಿಗೆ 2 ಮೀಟರ್ ಹಿಡಿದರೆ ಪೂರ್ತಿ ಅಳತೆಯ ಒಂದು ಡ್ರಾಯಿಂಗ್ ಶೀಟಿನಲ್ಲಿ ಸುಮಾರು 140 ಮೀಟರ್ ಉದ್ದದ ಆವಾರ ಕೂರುತ್ತದೆ. ಕೋಣೆಗಳನ್ನು ಬರೆದು ಮುಗಿಸಿದರೆ ಸಾಲದು. ಪಾಗಾರ (ಆವಾರದ ಸುತ್ತುಗೋಡೆ) ಕುಸಿದ ಕಡೆ, ನಲ್ಲಿ, ಸೈಕಲ್ ನಿಲ್ಲಿಸುವ ಮಾಡು, ಅಡುಗೆಮನೆಯ ಹಿಂಬದಿ, ರಂಗಮಂಚದ ಪಕ್ಕದ ಸಂದಿ, ಇವೆಲ್ಲ ಬೇಕು. ದೊಡ್ಡವರು ಬರೆದ ನಕ್ಷೆಯಲ್ಲಿ ಬಿಟ್ಟುಹೋಗುವುದು ಇವೇ.

ನಕ್ಷೆಯನ್ನು ಗೋಡೆಗೆ ತೂಗುಹಾಕಿ, ಬಂದು ಗುರುತು ಹಾಕಿ ಎಂದರೆ ಕೆಲಸ ಕೆಟ್ಟಿತು. ಮೊದಲನೆಯವ ಎಲ್ಲಿ ಹಾಕಿದನೋ ಉಳಿದವರೂ ಅಲ್ಲೇ ಹಾಕುತ್ತಾರೆ. ಅದಕ್ಕೆ ನಕ್ಷೆಯನ್ನು ಚಿಕ್ಕದಾಗಿ ಎ4 ಹಾಳೆಗೆ ಇಳಿಸಿ ಝೆರಾಕ್ಸ್ ಮಾಡಿಸಿ, ಒಬ್ಬೊಬ್ಬರಿಗೆ ಒಂದೊಂದು ಕೊಡುತ್ತೇವೆ. ಹೆಸರಿಲ್ಲ, ಪೆನ್ಸಿಲ್ ಮಾತ್ರ, ಅಕ್ಷರದ ಬದಲು ಗುಣಾಕಾರದ ಚಿಹ್ನೆ. ಪಕ್ಕದಲ್ಲಿ 1ರಿಂದ 4ರ ತನಕ ಒಂದು ಅಂಕಿ: ಪ್ರಾರ್ಥನೆಗೆ ಮೊದಲು, ಸಣ್ಣ ಬಿಡುವು, ಊಟದ ಬಿಡುವು, ಸಂಜೆ ಬೆಲ್ಲಾದ ಮೇಲೆ. ಹುಡುಗಿಯರ ಹಾಳೆಯ ಒಂದು ಮೂಲೆ ಕತ್ತರಿಸಿರುತ್ತದೆ. ಎರಡನ್ನೂ ಒಟ್ಟಿಗೆ ಎಣಿಸಿದರೆ ಹುಡುಗರ ಮೈದಾನದ ಜಗಳವೇ ಎದ್ದು ಕಾಣುತ್ತದೆ. ಶೌಚಾಲಯದ ದಾರಿ, ಬಸ್ಸಿಗೆ ಕಾಯುವ ಜಾಗ ಮುಳುಗಿಹೋಗುತ್ತವೆ.

ಪೆಟ್ಟಿಗೆಗೆ ಬಿದ್ದ ಹಾಳೆಗಳನ್ನು ಮಾಸ್ತರರು, ಅಕ್ಕೋರು ಮೊದಲು ನೋಡಿ, ಆಮೇಲೆ ತಂಡಗಳು ದೊಡ್ಡ ನಕ್ಷೆಗೆ ಟಿಕಳಿ (ಹಣೆಗೆ ಅಂಟಿಸುವ ಬಿಂದಿ) ಅಂಟಿಸುತ್ತವೆ. ಜಾತ್ರೆಯಲ್ಲಿ ಸಿಗುವ ಬಣ್ಣದ ಟಿಕಳಿಯೇ ಸಾಕು. ಹೊಡೆತ, ದೂಡಾಟಕ್ಕೆ ಕೆಂಪು, ಕಳವಿಗೆ ಹಸಿರು, ಹಾಳುಗೆಡಹುವುದಕ್ಕೆ ನೀಲಿ. ಏನೂ ಆಗದಿದ್ದರೂ ಹೆದರಿಕೆಯಾಗುವ ಜಾಗಕ್ಕೆ ಹಳದಿ. ಹಳದಿಯನ್ನು ಕಡೆಗಣಿಸಬೇಡಿ, ಮಕ್ಕಳು ಬಾಯಿಬಿಡದ ಸಂಗತಿ ಅಲ್ಲಿರುತ್ತದೆ.

ಟಿಕಳಿ ಗುಂಪಾದ ಕಡೆಗೆ, ಅದೇ ಹೊತ್ತಿಗೆ, ಹೋಗಿ ನಿಲ್ಲಬೇಕು. 1979ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಲಾರೆನ್ಸ್ ಕೋಹೆನ್, ಮಾರ್ಕಸ್ ಫೆಲ್ಸನ್ ಹೇಳಿದ್ದು ಇಲ್ಲಿ ಕೈಗೆ ಬರುತ್ತದೆ: ಮಾಡುವ ಮನಸ್ಸಿನವನು, ಸುಲಭಕ್ಕೆ ಸಿಗುವ ವಸ್ತು ಅಥವಾ ವ್ಯಕ್ತಿ, ನೋಡುವವರಿಲ್ಲದಿರುವುದು, ಈ ಮೂರೂ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಕೂಡಿದರೆ ಅಪರಾಧ. ಮೂರರಲ್ಲಿ ಒಂದನ್ನು ತೆಗೆದರೆ ಸಾಕು. ನೋಡುವ ಕಣ್ಣು ಅಲ್ಲಿಗೆ ತಲುಪುತ್ತದೆಯೇ ಎಂದು ತಿಳಿಯಲು ಮಕ್ಕಳಲ್ಲಿ ಒಬ್ಬ ಆ ಜಾಗದಲ್ಲಿ ನಿಲ್ಲುತ್ತಾನೆ, ಇನ್ನೊಬ್ಬ ಅವನ ಮುಖ ಎಲ್ಲಿಂದೆಲ್ಲ ಕಾಣುತ್ತದೆ ಎಂದು ಸುತ್ತ ನಡೆದು ಸೀಮೆಸುಣ್ಣದಲ್ಲಿ ಗುರುತು ಮಾಡುತ್ತಾನೆ. ದೊಡ್ಡವರು ಇದನ್ನು ಮಾಡಿದರೆ ತಪ್ಪುತ್ತದೆ. ಅರ್ಧಗೋಡೆಯ ಹಿಂದೆ ನಾವು ನಿಂತರೆ ಮುಖ ಕಾಣುತ್ತದೆ, ಎಂಟನೇ ತರಗತಿಯ ಗಿಡ್ಡ ಹುಡುಗ ನಿಂತರೆ ಕೂದಲು ಮಾತ್ರ.

ಎಲ್ಲ ಕೆಂಪು ಟಿಕಳಿಯೂ ದುಷ್ಟತನವಲ್ಲ. ಕೈತೊಳೆಯುವ ಸಾಲಿನಲ್ಲಿ ಮೂರು ನಲ್ಲಿಗಳಿದ್ದು ಒಂದರಲ್ಲೇ ನೀರು ಬರುತ್ತಿದ್ದರೆ ಊಟದ ಹೊತ್ತಿಗೆ ದೂಡಾಟ ಆಗದೆ ಇನ್ನೇನು? ಅದಕ್ಕೆ ಬೇಕಾದದ್ದು ಪ್ಲಂಬರ್, ನೀತಿಪಾಠ ಅಲ್ಲ. ಜೂನ್, ಜುಲೈಯಲ್ಲಿ ಹಸಿರು ಟಿಕಳಿಯೆಲ್ಲ ಜಗಲಿಯ ಮೇಲೆ ಬೀಳುವುದೂ ಹಾಗೆಯೇ. ಕೊಡೆ ಕಳವು! ಕಂಬಿಗೆ ನೇತುಹಾಕಿದ ಕೊಡೆಗಳೆಲ್ಲ ಕಪ್ಪು, ಒದ್ದೆ, ಒಂದೇ ನಮೂನೆ. ಹಿಡಿಕೆಯ ಮೇಲೆ ಬಿಳಿ ಪೇಂಟಿನಲ್ಲಿ ತರಗತಿ ಮತ್ತು ಹಾಜರಿ ಸಂಖ್ಯೆ ಬರೆಸಿ, ತರಗತಿಗೊಂದು ಕಂಬಿ ಗೊತ್ತು ಮಾಡಿದ ಮೇಲೆ ಹೆಚ್ಚಿನವು ಅದಲುಬದಲು ಎಂದು ತಿಳಿಯುತ್ತದೆ. ಉಳಿದವಷ್ಟೇ ಕಳವಿನ ಲೆಕ್ಕ.

ಎಡವುವ ಕಡೆಗಳೂ ಇವೆ. ಪತ್ತೇದಾರಿಕೆಯ ಹುಮ್ಮಸ್ಸು ಏರಿದರೆ ಮಕ್ಕಳು ಅಡಗಿ ಕೂರುತ್ತಾರೆ, ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಾರೆ. ಮೊದಲ ದಿನವೇ ಎರಡನ್ನೂ ನಿಷೇಧಿಸಿ. ಕೆಲವು ಟಿಕಳಿ ತರಗತಿಯ ಒಳಗೇ ಬೀಳುತ್ತವೆ: ಮಾಸ್ತರರ ಬೆತ್ತ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ, ಆದ್ದರಿಂದ ಆ ಟಿಕಳಿಯನ್ನು ಕೀಳುವ ಹಾಗಿಲ್ಲ. ಈ ಮಾತನ್ನು ಶುರುವಿಗೆ ಮೊದಲೇ ಮುಖ್ಯೋಪಾಧ್ಯಾಯರಿಂದ ಒಪ್ಪಿಸಿಕೊಳ್ಳಬೇಕು.

ಲೈಂಗಿಕ ಕಿರುಕುಳದ ಸುಳಿವು ಸಿಕ್ಕರೆ ಅದು ಟಿಕಳಿಯ ವಿಷಯವಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು; ಮುಚ್ಚಿಟ್ಟರೆ ಶಿಕ್ಷೆಯಿದೆ. ಮಗುವನ್ನು ನಾಲ್ಕು ಜನ ನಾಲ್ಕು ಸಲ ಕೇಳಬೇಡಿ. ಮಕ್ಕಳ ಸಹಾಯವಾಣಿ 1098 ಅನ್ನು ನಕ್ಷೆಯ ಹಾಳೆಯ ಮೇಲೆಯೇ ಅಚ್ಚು ಹಾಕಿಸುತ್ತೇವೆ. ‘ಇಂಥದ್ದನ್ನು ನಾನು ಗುಟ್ಟಾಗಿಡಲಾರೆ’ ಎಂದು ಹಾಳೆ ಹಂಚುವ ಮೊದಲೇ ಹೇಳುವುದು ಮರ್ಯಾದೆ.

ವರ್ಷಕ್ಕೆ ಎರಡು ಸಲ ಮಾಡಿ, ಜುಲೈಯಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ. ಮಳೆಗಾಲದಲ್ಲಿ ಇಡೀ ಶಾಲೆ ಜಗಲಿಯಲ್ಲಿ ಒತ್ತೊತ್ತಾಗಿರುತ್ತದೆ. ಬಿಸಿಲು ಬಂದರೆ ಎಲ್ಲರೂ ಪಾಗಾರದ ಕಡೆ ಚದುರುತ್ತಾರೆ. ಮಳೆ ಬಿಡುವಷ್ಟರಲ್ಲಿ ಕಟ್ಟಡದ ಹಿಂದೆ ಗಿಡಗಂಟಿ ಆಳೆತ್ತರ ಬೆಳೆದಿರುತ್ತದೆ, ಗಾಂಧಿ ಜಯಂತಿಯ ಶ್ರಮದಾನವನ್ನು ಅಲ್ಲಿಂದಲೇ ಶುರು ಮಾಡಿ. ಎರಡನೇ ಸಲ ಹಳೆಯ ಜಾಗದಲ್ಲಿ ಟಿಕಳಿ ಇಳಿದಿದ್ದರೆ ಕೂಡಲೇ ಹಿಗ್ಗಬೇಡಿ, ಪಕ್ಕದ ಸಂದಿಯಲ್ಲಿ ಏರಿದೆಯೇ ನೋಡಿ. ಸಿಸಿಟಿವಿ ಹಾಕಿದ ಕಡೆ ಹೀಗೆ ಜಾಗ ಬದಲಾಗುವುದೂ ಉಂಟು. ಊಟದ ಬಿಡುವಿನಲ್ಲಿ ಒಬ್ಬ ಮಾಸ್ತರರು ಬೇರೆ ಬೇರೆ ದಾರಿಯಲ್ಲಿ ಒಂದು ಸುತ್ತು ಬಂದರೆ ಅದಕ್ಕಿಂತ ಕೆಲಸವಾಗುತ್ತದೆ.

ಮುಗಿದ ನಕ್ಷೆಯನ್ನು ಶಿಕ್ಷಕರ ಕೊಠಡಿಯಲ್ಲಿಡಿ. ಜಗಲಿಯಲ್ಲಿ ತೂಗುಹಾಕಿದರೆ, ಯಾರ ಕಣ್ಣಿಗೂ ಬೀಳದ ಜಾಗ ಯಾವುದು ಎಂದು ಹುಡುಕುವ ಶ್ರಮವೂ ಪೋಕರಿಗಳಿಗೆ ತಪ್ಪುತ್ತದೆ.