ವಿಧೇಯಕ ಕಾಯ್ದೆಯಾಯಿತೇ? ನೀವೇ ನೋಡಿಕೊಳ್ಳುವ ಬಗೆ

'ವಿಧಾನಸಭೆಯಲ್ಲಿ ಮಸೂದೆ ಅಂಗೀಕಾರ' ಎಂಬ ಸುದ್ದಿ ಓದಿ ಮರುದಿನವೇ ಅರ್ಜಿ ಹಿಡಿದು ಕಚೇರಿಗೆ ಹೋಗಬೇಡಿ. ಕರ್ನಾಟಕದಲ್ಲಿ ಅದಿನ್ನೂ ಅರ್ಧ ದಾರಿ.

ಮೊದಲು ವಿಧೇಯಕದ, ಅಂದರೆ ಮಸೂದೆಯ, ಪ್ರತಿ ತೆಗೆದುಕೊಳ್ಳಿ. ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತದೆ. ಕೊನೆಯ ಪುಟಗಳಿಂದ ಓದುವುದು ಒಳ್ಳೆಯದು. 'ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ' ಇರುವುದು ಅಲ್ಲೇ. ತಿದ್ದುಪಡಿ ವಿಧೇಯಕವಾದರೆ ಮೂಲ ಕಾಯ್ದೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. 'ಈ ಪದದ ಬದಲಿಗೆ ಆ ಪದವನ್ನು ಪ್ರತಿಸ್ಥಾಪಿಸತಕ್ಕದ್ದು' ಎಂಬ ಸಾಲು ಒಂಟಿಯಾಗಿ ಏನನ್ನೂ ಹೇಳುವುದಿಲ್ಲ.

ಮಂಡನೆ, ಪರ್ಯಾಲೋಚನೆ (ಚರ್ಚೆ), ಖಂಡವಾರು ಮತ (ಒಂದೊಂದು ಕಲಮಿಗೂ ಮತ), ಅಂಗೀಕಾರ: ಸದನದೊಳಗಿನ ಕ್ರಮ ಇದು. 224 ಸದಸ್ಯರ ವಿಧಾನಸಭೆಯಲ್ಲಿ 113 ಮತ ಬೇಕೆಂದೇನಿಲ್ಲ. ಹಾಜರಿದ್ದು ಮತ ಹಾಕಿದವರ ಬಹುಮತ ಸಾಕು. ಧ್ವನಿಮತದಲ್ಲಿ ಮುಗಿದರೆ ನಿಮ್ಮ ಶಾಸಕರು ಯಾವ ಕಡೆ ಇದ್ದರೆಂಬ ಲೆಕ್ಕ ಸಿಗುವುದಿಲ್ಲ.

ಆಮೇಲೆ 75 ಸದಸ್ಯರ ವಿಧಾನ ಪರಿಷತ್ತು. ಹಣಕಾಸು ವಿಧೇಯಕವನ್ನು (ಮನಿ ಬಿಲ್) ಅದು 14 ದಿನಕ್ಕಿಂತ ಹೆಚ್ಚು ಹಿಡಿದಿಡಲಾರದು. ಉಳಿದವನ್ನು 3 ತಿಂಗಳು ತಡೆಯಬಹುದು. ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಿದರೆ ಇನ್ನೊಂದು ತಿಂಗಳು, ಅಷ್ಟೇ. ಸಂಸತ್ತಿನಂತೆ ಮತಕ್ಕಾಗಿ ಜಂಟಿ ಅಧಿವೇಶನ ಇಲ್ಲಿಲ್ಲ. 2024ರ ಫೆಬ್ರುವರಿಯಲ್ಲಿ ಧಾರ್ಮಿಕ ದತ್ತಿ ತಿದ್ದುಪಡಿ ವಿಧೇಯಕ ಪರಿಷತ್ತಿನಲ್ಲಿ ಬಿದ್ದುಹೋಯಿತು. ಕೆಲವೇ ದಿನಗಳಲ್ಲಿ ವಿಧಾನಸಭೆ ಅದನ್ನು ಮತ್ತೆ ಅಂಗೀಕರಿಸಿತು.

ವಿಧೇಯಕಗಳು ನಿಜವಾಗಿ ಕಾಣೆಯಾಗುವುದು ರಾಜಭವನದಲ್ಲಿ. ರಾಜ್ಯಪಾಲರು ಅಂಕಿತ ಹಾಕಬಹುದು, ಹಣಕಾಸು ವಿಧೇಯಕವಲ್ಲದಿದ್ದರೆ ಅಂಕಿತ ತಡೆಹಿಡಿದು ಮರುಪರಿಶೀಲನೆಗೆ ವಾಪಸ್ ಕಳಿಸಬಹುದು, ಇಲ್ಲವೇ ರಾಷ್ಟ್ರಪತಿಗೆ ಕಾದಿರಿಸಬಹುದು. ಇಷ್ಟೇ ದಿನದಲ್ಲಿ ಅಂಕಿತ ಬೀಳಬೇಕೆಂದು ಸಂವಿಧಾನದ 200ನೇ ವಿಧಿ ಹೇಳಿಲ್ಲ. ವಿಷಯ ಸಮವರ್ತಿ ಪಟ್ಟಿಯದಾಗಿ (ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿ), ಕೇಂದ್ರದ ಕಾಯ್ದೆಗೆ ವಿರುದ್ಧವಾಗಿದ್ದರೆ ದೆಹಲಿಯ ದಾರಿಯನ್ನು ಲೆಕ್ಕಕ್ಕೆ ಹಿಡಿಯಿರಿ. ಕಂಬಳ ಅಂಥದ್ದು: ಪ್ರಾಣಿ ಹಿಂಸೆ ತಡೆ ಕೇಂದ್ರದ 1960ರ ಕಾಯ್ದೆಯ ವಿಷಯ. 2017ರ ಫೆಬ್ರುವರಿಯಲ್ಲೇ ಒಂದು ವಿಧೇಯಕಕ್ಕೆ ವಿಧಾನಸಭೆಯ ಒಪ್ಪಿಗೆ ಸಿಕ್ಕಿತ್ತು. ನಡುವೆ ಸುಗ್ರೀವಾಜ್ಞೆ (ಸದನ ಸೇರದಿರುವಾಗ ಹೊರಡಿಸುವ ತಾತ್ಕಾಲಿಕ ಕಾನೂನು), ಎರಡನೇ ವಿಧೇಯಕ ಎಲ್ಲ ಆಗಿ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2018ರಲ್ಲಿ.

ಸುಗ್ರೀವಾಜ್ಞೆ ಹೊರಬಿದ್ದಿದ್ದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ: ಸದನ ಮತ್ತೆ ಸೇರಿ 6 ವಾರದೊಳಗೆ ಅದರ ಜಾಗಕ್ಕೆ ಕಾಯ್ದೆ ಬರದಿದ್ದರೆ ಅದು ತಾನಾಗಿ ರದ್ದಾಗುತ್ತದೆ. ಅಧಿವೇಶನ ಮುಕ್ತಾಯವಾದ ಮಾತ್ರಕ್ಕೆ ವಿಧೇಯಕ ಸಾಯುವುದಿಲ್ಲ. ವಿಧಾನಸಭೆಯೇ ವಿಸರ್ಜನೆಯಾದರೆ, ಅಲ್ಲಿ ಬಾಕಿ ಇದ್ದದ್ದು ಹೋಗುತ್ತದೆ. ಅದು ಅಂಗೀಕರಿಸಿ ಪರಿಷತ್ತಿನಲ್ಲಿ ಕುಳಿತದ್ದೂ ಹೋಗುತ್ತದೆ.

ಅಂಕಿತವಾದದ್ದನ್ನು ಕರ್ನಾಟಕ ರಾಜ್ಯಪತ್ರದಲ್ಲಿ (ಗೆಜೆಟ್) ಹುಡುಕಿ. 'ವಿಧೇಯಕ' ಅಲ್ಲಿ 'ಅಧಿನಿಯಮ' (ಅಂದರೆ ಕಾಯ್ದೆ) ಆಗಿರಬೇಕು, ಸಂಖ್ಯೆ ಇರಬೇಕು. ಆಮೇಲೂ 1ನೇ ಪ್ರಕರಣ (ಸೆಕ್ಷನ್) ಓದದೆ ಮುಚ್ಚಬೇಡಿ. 'ಈ ಕೂಡಲೇ ಜಾರಿಗೆ ಬರತಕ್ಕದ್ದು' ಎಂದಿದ್ದರೆ ಸರಿ. 'ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಂದು' ಎಂದಿದ್ದರೆ, ಆ ಅಧಿಸೂಚನೆ ಹೊರಡುವವರೆಗೆ ಕಾಯ್ದೆ ಕಾಗದದಲ್ಲೇ ಇರುತ್ತದೆ. ಅರ್ಜಿ ನಮೂನೆ, ಶುಲ್ಕಗಳನ್ನು ನಿಯಮಗಳಿಗೆ ಬಿಟ್ಟಿದ್ದರೆ ಅವೂ ರಾಜ್ಯಪತ್ರದಲ್ಲಿ ಬರಬೇಕು.