ರಾಣಿ ತಾನೇ ನಡೆದು ಬಂದಳು

ನರಳದೆ ಪ್ರಾಣ ಹೋಗಲಿ ಅಂತ ಕುದುರೆಗೆ ಕೊನೆಯ ಇಂಜೆಕ್ಷನ್ ಕೊಡಿಸಬೇಕಾಗಿ ಬಂದದ್ದು ನನಗೆ ಎರಡನೇ ಸಲ. ಮೊದಲನೆಯ ಸಲ ತಡ ಮಾಡಿದ್ದೆ, ಕೊಡಿಸೋಕೇ ಆಗಲಿಲ್ಲ. ಆ ಗಂಡು ಕುದುರೆ ಆಷಾಢದ ಮಳೆಯಲ್ಲಿ ಲಾಯದೊಳಗೇ ಬಿದ್ದಿತ್ತು, ರಾತ್ರಿಯೆಲ್ಲ ಏಳಲು ಒದ್ದಾಡಿತು. ಬೆಳಿಗ್ಗೆ ಪ್ರಾಣ ಹೋದ ಮೇಲೆ ಗೋಡೆ ಒಡೆದು, ಹಗ್ಗ ಕಟ್ಟಿ ಎಳೆಸಿದೆವು. ಆ ಎಳೆದ ಸದ್ದು ಈಗಲೂ ಕಿವಿಯಲ್ಲಿದೆ. ನಮ್ಮ ಇನ್ನೊಂದು ಕುದುರೆ ರಾಣಿಗೆ ಹಾಗಾಗಬಾರದು ಅಂತ ಅವತ್ತೇ ಅಂದುಕೊಂಡಿದ್ದೆ.

ರಾಣಿ 6 ವರ್ಷದವಳಿದ್ದಾಗ ಅಪ್ಪ ಅವಳನ್ನು ಮನೆಗೆ ತಂದದ್ದು. ಮೈಸೂರಿನ ಗಾಡಿ ಚೌಕ, ಅರಮನೆ ಸುತ್ತಮುತ್ತ 16 ವರ್ಷ ನಮ್ಮ ಟಾಂಗಾ ಎಳೆದಳು. ಆಮೇಲೆ ಗಾಡಿ ಬಿಡಿಸಿ, ಲಾಳ ತೆಗೆಸಿ, ಊರಾಚೆ ಭಾವನ ಹೊಲದಲ್ಲಿ ಬಿಟ್ಟೆವು. ಅಲ್ಲೇ 4 ವರ್ಷ ಇದ್ದಳು.

ವಯಸ್ಸು ನಾನು ಲೆಕ್ಕ ಇಟ್ಟಿದ್ದೆ, ಆದರೂ ಬಾಯಿ ತೆಗೆದರೆ ಹಲ್ಲೇ ಹೇಳುತ್ತಿತ್ತು. ಮೇಲಿನ ಸಾಲಿನ ಮೂಲೆ ಹಲ್ಲಿನ ಮೇಲೆ ಒಂದು ಗೀರು ಇರುತ್ತದೆ. ಸುಮಾರು 10ಕ್ಕೆ ಒಸಡಿನ ಹತ್ತಿರ ಕಾಣಿಸುತ್ತದೆ, 20ಕ್ಕೆ ತುದಿ ಮುಟ್ಟುತ್ತದೆ, ಆಮೇಲೆ ಮೇಲಿನಿಂದ ಅಳಿಸುತ್ತಾ ಬರುತ್ತದೆ. ರಾಣಿಯ ಹಲ್ಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಳಿಸಿತ್ತು. ಹುಲ್ಲು ಅಗಿದು ಅಗಿದು ಉಂಡೆ ಮಾಡಿ ಉಗುಳುತ್ತಿದ್ದಳು. ಹುರುಳಿ ಬೇಯಿಸಿ, ಬೂಸಾ ಬಿಸಿನೀರಿನಲ್ಲಿ ನೆನೆಸಿ, ಗಂಜಿ ಹಾಗೆ ಮಾಡಿ ಕೊಟ್ಟರೆ ತಿನ್ನುತ್ತಿದ್ದಳು. ಅದರಲ್ಲೇ ಎರಡು ವರ್ಷ ತಳ್ಳಿದೆವು.

ನಾನು ಸೋತದ್ದು ಅವಳ ಮೊಣಕಾಲಿನ ಗಾಯ ನೋಡಿ. ಎರಡೂ ಮುಂಗಾಲಲ್ಲಿ ಚರ್ಮ ತರಚಿತ್ತು. ಭಾವ ಕಲ್ಲಿಗೆ ಎಡವಿರಬೇಕು ಅಂದರು. ಒಂದು ರಾತ್ರಿ ಅಲ್ಲೇ ಉಳಿದು ನೋಡಿದೆ. ಕುದುರೆ ನಿಂತೇ ತೂಕಡಿಸುತ್ತದೆ ನಿಜ, ಆದರೆ ಗಾಢವಾಗಿ ನಿದ್ದೆ ಮಾಡಬೇಕಾದರೆ ಮಲಗಲೇಬೇಕು. ಹಿಂಗಾಲಿನ ಕೀಲು ನೋವಿಗೆ, ಮಲಗಿದರೆ ಏಳೋಕಾಗಲ್ಲ ಅಂತ ಇವಳು ಮಲಗೋದನ್ನೇ ಬಿಟ್ಟಿದ್ದಳು. ನಿದ್ದೆ ತಡೆಯಲಾಗದೆ ಮುಗ್ಗರಿಸಿ ಬೀಳುವುದು, ಬೆಚ್ಚಿ ಏಳುವುದು. ಬೆಳಗಾಗುವಷ್ಟರಲ್ಲಿ ಮೂರು ಸಲ ಹಾಗಾಯಿತು.

ಭಾವ ಒಪ್ಪಲಿಲ್ಲ. "ಅಲ್ಲಯ್ಯ, ಇನ್ನೂ ಗಂಜಿ ಕುಡೀತಾಳೆ. ಈ ಮಳೆಗಾಲ ಒಂದು ಕಳೀಲಿ ಬಿಡು" ಅಂದರು. ಮಳೆಗಾಲ ಕಳೆಯಲಿ ಅಂದರೆ ಕೆಸರಲ್ಲಿ ಬೀಳಲಿ ಅಂತಲೇ ಅರ್ಥ. ಮಳೆ ಹಿಡಿದರೆ ಜೆಸಿಬಿಯೂ ಹೊಲಕ್ಕೆ ಇಳಿಯಲ್ಲ. ಪಶು ಆಸ್ಪತ್ರೆಯ ಡಾಕ್ಟರ್ ಮೇಡಂ ಬಂದು ನೋಡಿ, "ನಡೆಯೋ ಶಕ್ತಿ ಇರುವಾಗಲೇ ಮಾಡಿಸಿ. ಬಿದ್ದ ಮೇಲೆ ನೀವು ಆಯ್ಕೆ ಮಾಡೋದಕ್ಕೆ ಏನೂ ಉಳಿಯಲ್ಲ" ಅಂದರು. ಮೇ ತಿಂಗಳ ಒಂದು ಬೆಳಗ್ಗೆ ಅಂತ ದಿನ ಗೊತ್ತು ಮಾಡಿದೆವು.

ಗುಂಡಿ ಹಿಂದಿನ ದಿನವೇ ತೆಗೆಸಿದೆ. ಬಾವಿಯಿಂದ ದೂರ, ಹೊಲದ ಎತ್ತರದ ಮೂಲೆಯಲ್ಲಿ, ಎಂಟು ಅಡಿ ಆಳ. ಅಷ್ಟು ಆಳ ಯಾಕೆ ಅಂದರೆ ಆ ಇಂಜೆಕ್ಷನ್ನಿನ ಔಷಧಿ ಸತ್ತ ಮೈಯಲ್ಲೇ ಉಳಿಯುತ್ತದೆ. ನಾಯಿ, ಹದ್ದು ಎಳೆದು ತಿಂದರೆ ಅವೂ ಸಾಯುತ್ತವೆ. ಇಂಜೆಕ್ಷನ್ ಗುಂಡಿಯ ಹತ್ತಿರವೇ ಕೊಡಿಸಬೇಕು. ಮುನ್ನೂರು ಕಿಲೋ ಮೇಲಿನ ಮೈ, ನಾಲ್ಕು ಜನ ಸೇರಿದರೂ ಅಲ್ಲಾಡಲ್ಲ. ಆದರೆ ತೀರಾ ಅಂಚಿಗೆ ನಿಲ್ಲಿಸಬಾರದು, ಹತ್ತು ಹೆಜ್ಜೆ ಬಿಟ್ಟು ನಿಲ್ಲಿಸಿ.

ಬೆಳಿಗ್ಗೆ ಗಂಜಿಗೆ ಬೆಲ್ಲ ಜಾಸ್ತಿ ಹಾಕಿದ್ದೆ. ಕುಡಿದು ನನ್ನ ಅಂಗಿಗೇ ಮೂತಿ ಒರೆಸಿದಳು. ಕೊಟ್ಟಿಗೆಯಿಂದ ಗುಂಡಿಗೆ ನೂರು ಹೆಜ್ಜೆ, ಹತ್ತು ನಿಮಿಷ ಹಿಡಿಯಿತು. ಅರ್ಧ ದಾರಿಯಲ್ಲಿ ರಸ್ತೆ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿತು. ರಾಣಿ ತಟ್ಟನೆ ಎಡಕ್ಕೆ ಸರಿದಳು! ಖಾಲಿ ಹೊಲದಲ್ಲಿ, ಬಸ್ಸಿಗೆ ದಾರಿ ಬಿಟ್ಟು ನಿಂತಳು. ಭಾವ ಮುಖ ತಿರುಗಿಸಿಕೊಂಡು ಕೊಟ್ಟಿಗೆ ಕಡೆ ಹೋದರು.

ಮೊದಲು ಮಂಪರಿನ ಇಂಜೆಕ್ಷನ್. ಐದು ನಿಮಿಷಕ್ಕೆ ತಲೆ ಜೋತುಬಿತ್ತು, ಕೆಳತುಟಿ ಇಳಿಬಿತ್ತು. ಆಮೇಲೆ ಕುತ್ತಿಗೆಯ ರಕ್ತನಾಳಕ್ಕೆ ದೊಡ್ಡದು. ಮೇಡಂ ನನ್ನನ್ನು ಪಕ್ಕಕ್ಕೆ ಸರಿಸಿದರು. ಕುದುರೆ ಯಾವ ಕಡೆ ಬೀಳುತ್ತದೆ ಅಂತ ಹೇಳಲು ಬರಲ್ಲ, ಎದುರಿಗೆ ನಿಲ್ಲಲೇಬಾರದು. ಹಿಂಗಾಲು ಮಡಚಿ ಒಂದೇ ಸಲ ಕುಸಿದಳು. ಸ್ವಲ್ಪ ಹೊತ್ತಾದ ಮೇಲೆ ಒಂದು ದೊಡ್ಡ ಉಸಿರು ಬಂತು, ಭುಜದ ಮಾಂಸ ಅದುರಿತು. ಹೀಗಾಗುತ್ತದೆ ಅಂತ ಮೇಡಂ ಮೊದಲೇ ಹೇಳಿದ್ದರಿಂದ ನಾನು ಕೂಗಿಕೊಳ್ಳಲಿಲ್ಲ. ಅವರು ಕಣ್ಣಿನ ಗುಡ್ಡೆ ಮುಟ್ಟಿ ನೋಡಿ, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, "ಆಯ್ತು" ಅಂದರು. ಕಣ್ಣು ತೆರೆದೇ ಇತ್ತು. ಅದು ತಾನಾಗಿ ಮುಚ್ಚಲ್ಲ. ಟವೆಲ್ ಹೊದಿಸಿದೆ.

ಜೆಸಿಬಿ ಹುಡುಗ ಬೆಲ್ಟ್ ಹಾಕಿ ನಿಧಾನವಾಗಿ ಇಳಿಸಿದ. ಒಂದು ಕಡೆಯೂ ಎಳೆಯಲಿಲ್ಲ.

ಸಂಜೆ ಮನೆಗೆ ಬಂದು ಅವಳ ಹಗ್ಗವನ್ನು ಲಾಯದ ಗೂಟಕ್ಕೆ ಹಾಕಲು ಹೋದೆ. ಗಾಡಿ ಬಿಡಿಸಿದ ದಿನ ತೆಗೆಸಿದ ನಾಲ್ಕು ಲಾಳ ಅಲ್ಲೇ ತಂತಿಯಲ್ಲಿ ಕಟ್ಟಿ ನೇತಾಡುತ್ತಿದ್ದವು. ಮೂರು ಒಂದೇ ಸಮ ಸವೆದಿದ್ದವು. ಹಿಂದಿನ ಬಲಗಾಲಿನದು ಮಾತ್ರ ಮುಂತುದಿಯಲ್ಲಿ ತಗಡಿನ ಹಾಗೆ ತೆಳ್ಳಗಾಗಿತ್ತು. ಕಾಲು ಎತ್ತಲಾಗದೆ ಎಳೆದುಕೊಂಡು ನಡೆದ ಗುರುತು ಅದು. ಆ ವರ್ಷ ಅದು ಬೇಗ ಬೇಗ ಸವೆಯುತ್ತಿದೆ ಅಂತ, ಕಬ್ಬಿಣ ಸರಿಯಿಲ್ಲ ಅಂತ, ಲಾಳ ಹೊಡೆಯುವವರ ಹತ್ತಿರ ಜಗಳ ಆಡಿದ್ದೆ.